ಪಾಪ್ ಆರ್ಟ್ ಸಿಲ್ಕ್‌ಸ್ಕ್ರೀನ್ ಪ್ರಿಂಟ್: ಹಣ ಕೊಡುವ ಮುಂಚೆ ಏನೇನು ನೋಡಬೇಕು?

ಹಾಳೆಹುಳು:

ಲಿಮಿಟೆಡ್ ಎಡಿಷನ್ ಪಾಪ್ ಆರ್ಟ್ ಪ್ರಿಂಟ್‌ಗಳನ್ನು ಸಂಗ್ರಹಿಸಲು ಶುರುಮಾಡುವವನಿದ್ದೇನೆ. ಸದ್ಯ ಮೂರರ ಮೇಲೆ ಕಣ್ಣಿದೆ, ಯಾವುದಕ್ಕೂ ಇನ್ನೂ ಹಣ ಕೊಟ್ಟಿಲ್ಲ.

ಮೊದಲನೆಯದು ಅಮೆರಿಕದ ಪಾಪ್ ಕಲಾವಿದ ವಾರ್ಹೋಲ್‌ನ ಮರ್ಲಿನ್ (ನಟಿ ಮರ್ಲಿನ್ ಮನ್ರೋ ಚಿತ್ರ). ಹಿಂದೆ ನೀಲಿ ಶಾಯಿಯಲ್ಲಿ ಸಂಡೇ ಬಿ. ಮಾರ್ನಿಂಗ್ ಎಂಬ ಮೊಹರಿದೆ. ಮಾರುವವರು "ಒರಿಜಿನಲ್ ಸಿಲ್ಕ್‌ಸ್ಕ್ರೀನ್" ಎನ್ನುತ್ತಿದ್ದಾರೆ. ಎರಡನೆಯದು ಅಲ್ಲಿನ ಇನ್ನೊಬ್ಬ ಪಾಪ್ ಕಲಾವಿದ ಲಿಕ್ಟೆನ್‌ಸ್ಟೈನ್‌ನ ಕ್ರೈಯಿಂಗ್ ಗರ್ಲ್, ನ್ಯೂಯಾರ್ಕ್‌ನ ಕ್ಯಾಸ್ಟೆಲಿ ಗ್ಯಾಲರಿಯ ಪ್ರದರ್ಶನಕ್ಕೆ ಬಂದದ್ದಂತೆ. ಮಡಿಸಿದ ಗುರುತಿದೆ, ಸಹಿ ಇಲ್ಲ. ಮೂರನೆಯದು ಈಗಿನ ಕಲಾವಿದರೊಬ್ಬರದು. ಎಡಿಷನ್ 100, ಅಂದರೆ ಸಂಖ್ಯೆ ಹಾಕಿದ ನೂರು ಪ್ರತಿ, ಆದರೆ ನನಗೆ ತೋರಿಸುತ್ತಿರುವ ಹಾಳೆಯ ಮೇಲೆ "ಎ.ಪಿ. 7/30" ಎಂದು ಪೆನ್ಸಿಲ್‌ನಲ್ಲಿದೆ. ಎ.ಪಿ. ಅಂದರೆ ಕಲಾವಿದರ ಪಾಲಿನ ಪ್ರತಿ, ಇನ್ನೂ ಅಪರೂಪ, ಅದಕ್ಕೆ ಬೆಲೆ ಜಾಸ್ತಿ ಎನ್ನುತ್ತಾರೆ.

ಸಿಲ್ಕ್‌ಸ್ಕ್ರೀನ್ ಹೌದೋ ಅಲ್ಲವೋ ಎಂದು ನಾನೇ ಪರೀಕ್ಷಿಸುವುದು ಹೇಗೆ? ಈ ಸಂಖ್ಯೆಗಳನ್ನು ಎಷ್ಟು ನಂಬಬಹುದು? ಕೊಂಡ ಮೇಲೆ ಫ್ರೇಮ್ ಮಾಡಿಸುವಾಗ ಏನು ಎಚ್ಚರ ಬೇಕು?

ಸ್ಕ್ವೀಜಿ_ಸಿದ್ದ:

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದನ್ನು ಬಲ್ಲವರು ಹೇಳಲಿ.

10ಎಕ್ಸ್‌ನ ಒಂದು ಭೂತಗನ್ನಡಿ, ಸಾಧ್ಯವಾದರೆ 30ಎಕ್ಸ್‌ನ ಇನ್ನೊಂದು, ಜೊತೆಗೆ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಇಷ್ಟರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಟಾರ್ಚನ್ನು ಹಾಳೆಯ ಮಟ್ಟಕ್ಕೆ ಇಳಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಬಿಡಿ. ಸಿಲ್ಕ್‌ಸ್ಕ್ರೀನ್‌ನಲ್ಲಿ, ಅಂದರೆ ಜಾಲರಿಯ ಮೂಲಕ ಶಾಯಿ ಒತ್ತುವ ಮುದ್ರಣದಲ್ಲಿ, ಶಾಯಿ ಕಾಗದದ ಮೇಲೆ ಕೂತಿರುತ್ತದೆ. ಒಂದು ಬಣ್ಣ ಇನ್ನೊಂದರ ಮೇಲೆ ಹಾಯ್ದಿರುವ ಕಡೆ ಸಣ್ಣದೊಂದು ಏರು ಕಾಣುತ್ತದೆ. ಬಣ್ಣ ಬಣ್ಣಕ್ಕೂ ಹೊಳಪು ಬೇರೆ, ಒಂದು ಮಂಕು ಮತ್ತೊಂದು ಮಿರುಗು. ಪುಸ್ತಕ, ಪೋಸ್ಟರ್ ಅಚ್ಚುಹಾಕುವ ಆಫ್‌ಸೆಟ್‌ನಲ್ಲಿ (ಆಫ್‌ಸೆಟ್ ಲಿಥೋ ಎಂದರೂ ಇದೇ) ಶಾಯಿಯ ಪದರ ಒಂದೆರಡು ಮೈಕ್ರಾನ್ ಅಷ್ಟೇ, ಹಾಗಾಗಿ ಓರೆ ಬೆಳಕಿನಲ್ಲಿ ಹಾಳೆಯೆಲ್ಲ ಒಂದೇ ಚರ್ಮದಂತೆ ಕಾಣುತ್ತದೆ.

ಆಮೇಲೆ ಬಣ್ಣದ ಅಂಚಿಗೆ 30ಎಕ್ಸ್ ಹಿಡಿಯಿರಿ. ಜಾಲರಿಯ ಮೇಲೆ ಸ್ಟೆನ್ಸಿಲ್ ಮಾಡಿದ್ದರಿಂದ ಓರೆ ಗೆರೆಗಳ ಅಂಚು ಗರಗಸದ ಹಲ್ಲಿನ ಹಾಗೆ ಸೂಕ್ಷ್ಮವಾಗಿ ಮೆಟ್ಟಿಲು ಮೆಟ್ಟಿಲಾಗಿರಬಹುದು. ಒತ್ತು ಜಾಲರಿ, ದಪ್ಪ ಎಮಲ್ಷನ್ (ಜಾಲರಿಗೆ ಬಳಿದು ಸ್ಟೆನ್ಸಿಲ್ ಮಾಡುವ ಲೇಪ) ಬಳಸಿದ್ದರೆ ಇದು ಕಾಣಿಸದು. ಹಾಗಾಗಿ ಹಲ್ಲು ಕಂಡರೆ ಒಳ್ಳೆಯ ಸಾಕ್ಷಿ, ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ದೊಡ್ಡ ಚಪ್ಪಟೆ ಬಣ್ಣದ ಜಾಗದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕಿ ಅಥವಾ ಶಾಯಿಯೊಳಗೆ ಸಿಕ್ಕಿಕೊಂಡ ನೂಲೆಳೆ ಕಂಡರೆ ಖುಷಿಪಡಿ, ಅವು ಸ್ಕ್ರೀನ್‌ನ ಕೆಲಸ.

ಚುಕ್ಕಿಗಳ ವಿಷಯದಲ್ಲೇ ಹೆಚ್ಚಿನವರು ಎಡವುವುದು. "ಚುಕ್ಕಿ ಇದ್ದರೆ ಆಫ್‌ಸೆಟ್" ಎನ್ನುವುದು ಅರ್ಧ ಸತ್ಯ. ವಾರ್ಹೋಲ್ ಫೋಟೋವನ್ನೇ ಹಾಫ್‌ಟೋನ್ ಮಾಡಿ, ಅಂದರೆ ಚುಕ್ಕಿಗಳಾಗಿ ಒಡೆದು, ಸ್ಕ್ರೀನ್‌ಗೆ ಹಾಕಿದವನು, ಅವನಲ್ಲಿ ಚುಕ್ಕಿ ಇರಲೇಬೇಕು. ಆದರೆ ಆ ಚುಕ್ಕಿಗಳು ಒಂದೇ ಬಣ್ಣದ, ಗಟ್ಟಿ ಶಾಯಿಯ ಚುಕ್ಕಿಗಳು. ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಒಟ್ಟುಗೂಡಿ ಗುಂಡಗೆ ಹೂವಿನ ಮಾದರಿ ಕಟ್ಟುತ್ತವೆ. ಚಪ್ಪಟೆ ಗುಲಾಬಿ ಜಾಗದಲ್ಲಿ ಭೂತಗನ್ನಡಿ ಹಿಡಿದಾಗ ಮಜೆಂಟಾ ಚುಕ್ಕಿಗಳ ನಡುವೆ ಬಿಳಿ ಕಾಗದ ಇಣುಕಿದರೆ ಅದು ಫೋಟೋ ತೆಗೆದು ಮರುಮುದ್ರಿಸಿದ್ದು, ಮಾತು ಮುಗಿಯಿತು. ಇಂಕ್‌ಜೆಟ್ ಆದರೆ ಚುಕ್ಕಿಗಳಿಗೆ ಸಾಲೇ ಇಲ್ಲ, ಸಿಂಪಡಿಸಿದ ಹಾಗೆ ಚೆದುರಿರುತ್ತವೆ, ಅಂಚು ಮಸುಕು.

ಲಿಕ್ಟೆನ್‌ಸ್ಟೈನ್‌ಗೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ. ಅವನ ಆಫ್‌ಸೆಟ್ ಲಿಥೋಗಳಲ್ಲೂ ಪ್ರತಿ ಬಣ್ಣವನ್ನು ಬೇರೆ ಬೇರೆಯಾಗಿ, ಗಟ್ಟಿ ಶಾಯಿಯಲ್ಲೇ ಒತ್ತಿದ್ದಾರೆ. ಹೂವಿನ ಮಾದರಿ ಸಿಗುವುದಿಲ್ಲ. ಅಲ್ಲಿ ಓರೆ ಬೆಳಕು, ಶಾಯಿಯ ದಪ್ಪ ಇವೇ ಗತಿ.

ಇನ್ನೊಂದು ಮಾತು: ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಮೂಲೆಯಲ್ಲಿ ಉಜ್ಜಿ ನೋಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಶಾಯಿ ಬಿಟ್ಟರೂ ಬಿಡದಿದ್ದರೂ ಯಾವ ಮುದ್ರಣವೆಂದು ಅದರಿಂದ ತಿಳಿಯುವುದಿಲ್ಲ, ಕಲೆ ಮಾತ್ರ ಉಳಿಯುತ್ತದೆ.

ಹಿಂಬದಿ_ನೋಡಿ:

ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಮೊದಲ ಪ್ರಿಂಟ್ ಆ ಪರೀಕ್ಷೆಯಲ್ಲೆಲ್ಲ ಪಾಸಾಗುತ್ತದೆ. ಪಾಸಾದರೂ ಅದು ವಾರ್ಹೋಲ್‌ನ ಎಡಿಷನ್ ಅಲ್ಲ.

ಮರ್ಲಿನ್‌ನ ಅಸಲಿ ಸಂಪುಟ 1967ರದು. ಹತ್ತು ಹಾಳೆ, ಒಂದೊಂದೂ 91.4 ಸೆಂ.ಮೀ. ಚೌಕ, ಪ್ರಕಾಶಕರು ನ್ಯೂಯಾರ್ಕ್‌ನ ಫ್ಯಾಕ್ಟರಿ ಅಡಿಷನ್ಸ್. ಎಡಿಷನ್ 250, ಅದರ ಹೊರಗೆ ಎ ಇಂದ ಝಡ್‌ವರೆಗೆ ಅಕ್ಷರ ಹಾಕಿದ 26 ಎ.ಪಿ. ಸಹಿ ಪೆನ್ಸಿಲ್‌ನಲ್ಲಿ, ಸಂಖ್ಯೆ ರಬ್ಬರ್ ಮೊಹರಿನಲ್ಲಿ, ಎರಡೂ ಹಿಂಬದಿಯಲ್ಲಿ. ಇದನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಮೋಸ ತಾನಾಗಿಯೇ ಬಿದ್ದುಹೋಗುತ್ತದೆ. "ಮರ್ಲಿನ್, ಎ.ಪಿ. 31/50" ಎಂದು ಯಾರಾದರೂ ತಂದರೆ ಅಂಥದ್ದೊಂದು ಇರಲು ಸಾಧ್ಯವೇ ಇಲ್ಲ. ಮುಂಭಾಗದಲ್ಲಿ ದೊಡ್ಡದಾಗಿ ಸಹಿ ಇದ್ದರೂ ಅನುಮಾನವೇ. 1968ರ ಕ್ಯಾಂಬೆಲ್ಸ್ ಸೂಪ್ ಸಂಪುಟಕ್ಕೂ 250 ಮತ್ತು 26, ಆದರೆ ಸಹಿ ಬಾಲ್‌ಪೆನ್‌ನಲ್ಲಿ. ಪ್ರತಿ ಸಂಪುಟಕ್ಕೂ ಇಂಥ ವಿವರ ಫೆಲ್ಡ್‌ಮನ್ ಮತ್ತು ಶೆಲ್‌ಮನ್ ಸಂಪಾದಿಸಿದ ಕ್ಯಾಟಲಾಗ್‌ನಲ್ಲಿದೆ, ಮರ್ಲಿನ್‌ಗೆ ಅದರಲ್ಲಿ II.22ರಿಂದ II.31. ಹರಾಜಿನ ಪಟ್ಟಿಗಳಲ್ಲಿ "ಎಫ್. ಎಸ್." ಎಂದು ಬರುವುದು ಇದೇ ಸಂಖ್ಯೆ.

ಸಂಡೇ ಬಿ. ಮಾರ್ನಿಂಗ್ ಎಂಬ ಪ್ರಕಾಶಕರ ಹಾಳೆಗಳು 1970ರಿಂದ ಬೆಲ್ಜಿಯಂನಲ್ಲಿ ಅಚ್ಚಾಗತೊಡಗಿದವು. ಮೊದಲಿನವಕ್ಕೆ ಕಪ್ಪು ಮೊಹರು, ನಂತರದವಕ್ಕೆ ನೀಲಿ. "ನಿಮ್ಮ ಸಹಿ ನೀವೇ ಹಾಕಿಕೊಳ್ಳಿ" ಎಂಬ ಅರ್ಥದ ಮೊಹರೂ ಹಿಂದೆ ಇರುತ್ತದೆ. ಕೆಲವಕ್ಕೆ ವಾರ್ಹೋಲ್ ಖುದ್ದಾಗಿ "ಇದು ನನ್ನದಲ್ಲ" ಎಂದು ಬರೆದು ಸಹಿ ಹಾಕಿಕೊಟ್ಟದ್ದೂ ಉಂಟು, ಅವುಗಳ ಬೆಲೆ ಬೇರೆಯೇ ಕಥೆ. ನೀಲಿ ಮೊಹರಿನದು ಚೆಂದದ ಸಿಲ್ಕ್‌ಸ್ಕ್ರೀನ್, ದಪ್ಪ ಬೋರ್ಡ್, ಗಟ್ಟಿ ಬಣ್ಣ. ಗೋಡೆಗೆ ಬೇಕಾದರೆ ತೆಗೆದುಕೊಳ್ಳಿ. ಆದರೆ ಅದಕ್ಕೆ ಎಡಿಷನ್ ಮಿತಿ ಇಲ್ಲ, ಹೊಸದು ಇಂದಿಗೂ ಸಿಗುತ್ತದೆ. ಹೊಸ ಹಾಳೆಯ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬೇಡಿ. ಮೊಹರನ್ನು ಕೆರೆದು ತೆಗೆದು ಅಸಲಿಯೆಂದು ದಾಟಿಸುವ ಪ್ರಯತ್ನಗಳೂ ಇರುತ್ತವೆ. ಹಿಂಬದಿಗೆ ಓರೆ ಬೆಳಕು ಬಿಟ್ಟರೆ ಕೆರೆದ ಜಾಗದಲ್ಲಿ ಕಾಗದದ ನಾರು ಎದ್ದಿರುವುದು ಕಾಣುತ್ತದೆ.

"ವಾರ್ಹೋಲ್ ಸಮಿತಿಯಿಂದ ದೃಢೀಕರಣ ಮಾಡಿಸಿಕೊಡುತ್ತೇವೆ" ಎಂದು ಮಾರುವವರು ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಆ ಸಮಿತಿ 2012ರಲ್ಲೇ ಮುಚ್ಚಿಹೋಯಿತು. ಈಗ ಉಳಿದಿರುವುದು ಮಾಲೀಕತ್ವದ ಸರಪಳಿ, ಹಳೆಯ ಬಿಲ್, ಹರಾಜಿನ ದಾಖಲೆ, ಕ್ಯಾಟಲಾಗ್‌ನೊಂದಿಗೆ ತಾಳೆ, ಮತ್ತು ಹಾಳೆ. ಅಂಗಡಿಯವರೇ ಚಿನ್ನದ ಅಂಚಿನ ಕಾಗದದಲ್ಲಿ ಅಚ್ಚು ಹಾಕಿಸಿದ ಸರ್ಟಿಫಿಕೇಟ್‌ಗೆ ಕಾಗದದ ಬೆಲೆಯಷ್ಟೇ. ಪ್ರಕಾಶಕರೇ ಎಡಿಷನ್‌ನ ಜೊತೆಗೆ ಕೊಟ್ಟದ್ದಾದರೆ ಇಟ್ಟುಕೊಳ್ಳಿ.

ಕ್ರೈಯಿಂಗ್ ಗರ್ಲ್ 1963ರ ಆಫ್‌ಸೆಟ್ ಲಿಥೋ. ಸಿಲ್ಕ್‌ಸ್ಕ್ರೀನ್ ಎಂದು ಮಾರುತ್ತಿದ್ದರೆ ಮಾರುವವರಿಗೆ ವಿಷಯ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ. ಹಾಗಂತ ಅದು ಕೀಳೇನಲ್ಲ. ಪ್ರದರ್ಶನದ ಆಹ್ವಾನವಾಗಿ ಅಂಚೆಯಲ್ಲಿ ಹೋದದ್ದರಿಂದ ಮಡಿಕೆ ಹುಟ್ಟಿನಿಂದಲೇ ಬಂದ ಗುರುತು, ಅದನ್ನು ದೋಷವೆಂದು ಎಣಿಸುವುದಿಲ್ಲ. ಮಡಿಕೆಯ ಗೆರೆಯಲ್ಲಿ ಬಣ್ಣ ತುಂಬಿದ್ದಾರಾ ಎಂಬುದನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿ. ಶಾಯಿ ಒಡೆದ ಕಡೆ ಬಿಳಿ ನಾರು ಕಾಣಬೇಕು. ಅಲ್ಲಿ ಮಂಕು ಕೆಂಪು ಸವರಿದ್ದರೆ ಯಾರೋ ತಿದ್ದಿದ್ದಾರೆ. ಲಿಕ್ಟೆನ್‌ಸ್ಟೈನ್‌ನ ಸಿಲ್ಕ್‌ಸ್ಕ್ರೀನೇ ಬೇಕೆಂದರೆ 1965ರ ಸ್ವೀಟ್ ಡ್ರೀಮ್ಸ್, ಬೇಬಿ! ಅಂಥದ್ದು, ಎಡಿಷನ್ 200. ಅದಕ್ಕೆ ಜೇಬು ಬೇರೆ ಬೇಕು.

ಮೂರನೆಯದರ ಎ.ಪಿ. ಬಗ್ಗೆ. ಕಲಾವಿದರ ಪಾಲಿನ ಪ್ರತಿಗಳು ಸಾಮಾನ್ಯವಾಗಿ ಎಡಿಷನ್‌ನ ಹತ್ತನೇ ಒಂದು ಭಾಗ, ಹೆಚ್ಚೆಂದರೆ ಹದಿನೈದು ಪರ್ಸೆಂಟ್. 100ಕ್ಕೆ 30 ಎ.ಪಿ. ಅಂದರೆ ಎಡಿಷನ್ 130 ಎಂದೇ ಲೆಕ್ಕ ಹಾಕಿ. ಅದರ ಮೇಲೆ ಮುದ್ರಕರ ಪಾಲಿನ ಪ್ರತಿ (ಪಿ.ಪಿ.), ಮಾರಾಟಕ್ಕಲ್ಲದ ಪ್ರತಿ (ಎಚ್.ಸಿ.) ಎಷ್ಟಿವೆ ಎಂದು ಲಿಖಿತವಾಗಿ ಕೇಳಿ. ಅದೇ ಚಿತ್ರ ಬೇರೆ ಬಣ್ಣದಲ್ಲಿ ಇನ್ನೊಂದು 100 ಬಂದಿದೆಯೇ ಎಂದೂ ಕೇಳಿ. ಮೂರು ಬಣ್ಣದಲ್ಲಿ ನೂರು ನೂರು ಅಂದರೆ ಚಿತ್ರ ಮುನ್ನೂರು ಮನೆಯಲ್ಲಿರುತ್ತದೆ. ಎ.ಪಿ.ಗೆ ಹೆಚ್ಚು ಬೆಲೆ ಎನ್ನುವುದು ಮಾರುವವರ ರೂಢಿ ಅಷ್ಟೇ, ಶಾಯಿಯೂ ಕಾಗದವೂ ಅದೇ.

ಸಣ್ಣ ಸಂಖ್ಯೆಯ ಹುಚ್ಚೂ ಬೇಡ. 3/100 ಮೊದಲು ಅಚ್ಚಾಯಿತು ಎಂಬ ಖಾತ್ರಿ ಇಲ್ಲ. ಪ್ರತಿ ಬಣ್ಣಕ್ಕೂ ಹಾಳೆಗಳು ಒಣಗುವ ರ‍್ಯಾಕಿಗೆ ಹೋಗಿ ಬರುವಾಗ ಸಾಲು ಕಲಸಿಹೋಗುತ್ತದೆ, ಸಂಖ್ಯೆ ಬೀಳುವುದು ಸಹಿ ಹಾಕುವಾಗ. ಸೂಜಿಯಿಂದ ಗೀರಿ ಮಾಡುವ ಡ್ರೈಪಾಯಿಂಟ್ ತಗಡಿನ ಹಾಗೆ ಸ್ಕ್ರೀನ್ ನೂರು ಪ್ರತಿಗೆ ಸವೆಯುವುದೂ ಇಲ್ಲ.

ಸ್ಕ್ವೀಜಿ_ಸಿದ್ದ:

ಒಂದು ಸೇರಿಸುತ್ತೇನೆ. ಪೆನ್ಸಿಲ್ ಸಹಿಗೂ ಅದೇ ಓರೆ ಬೆಳಕು. ಗ್ರಾಫೈಟ್ ಬೆಳ್ಳಿಯಂತೆ ಮಿನುಗುತ್ತದೆ, ಗೆರೆ ಕಾಗದವನ್ನು ಒಂಚೂರು ಒತ್ತಿರುತ್ತದೆ. ಅಚ್ಚಾದ ಸಹಿ ಚಪ್ಪಟೆ ಕಪ್ಪು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಜರುಗಿರುವುದನ್ನು ನಕಲಿಯ ಗುರುತು ಎಂದುಕೊಳ್ಳಬೇಡಿ. ವಾರ್ಹೋಲ್‌ನಲ್ಲಿ ಅದು ಬೇಕೆಂದೇ ಮಾಡಿದ್ದು. ಆದರೆ ಮೂರನೆಯ ಪ್ರಿಂಟ್‌ನಲ್ಲಿ, ಈಗಿನ ಕಲಾವಿದರ ಚೊಕ್ಕ ಗೆರೆಯ ಕೆಲಸವಾಗಿದ್ದರೆ, ಒಂದು ಮಿಲಿಮೀಟರ್ ಜರುಗಿದ್ದರೂ ಅದು ಎಸೆಯಬೇಕಿದ್ದ ಹಾಳೆ. ಒಳ್ಳೆಯ ಮುದ್ರಕರು ಇಂಥದಕ್ಕೆಂದೇ ಎಡಿಷನ್‌ಗಿಂತ ಹತ್ತು ಇಪ್ಪತ್ತು ಪರ್ಸೆಂಟ್ ಹೆಚ್ಚು ಹಾಳೆ ಇಟ್ಟುಕೊಂಡು ಶುರುಮಾಡುತ್ತಾರೆ. ಎ.ಪಿ. ಹೆಸರಿನಲ್ಲಿ ಆ ಎರಡನೇ ದರ್ಜೆಯ ಹಾಳೆ ಹೊರಬಂದಿಲ್ಲವೇ ಎಂದು ಎಡಿಷನ್‌ನ ಇನ್ನೊಂದು ಪ್ರತಿಯ ಪಕ್ಕದಲ್ಲಿಟ್ಟು ನೋಡಿ.

ಗಂಜಿ_ಅಂಟು:

ಕಾಗದ ಸಂರಕ್ಷಣೆಯ ಕಡೆಯಿಂದ ನಾಲ್ಕು ಮಾತು. ಪಾಪ್ ಆರ್ಟ್ ಪ್ರಿಂಟ್‌ಗಳ ಬೆಲೆ ಬೀಳುವುದು ಹೆಚ್ಚಾಗಿ ನಕಲಿ ಎಂದಲ್ಲ, ಫ್ರೇಮ್ ಮಾಡಿಸಿ ಹಾಳುಮಾಡಿದ್ದಕ್ಕೆ.

ನೋಡಲು ಹೋದಾಗ ಪ್ರಿಂಟನ್ನು ಫ್ರೇಮಿನಿಂದ ಹೊರತೆಗೆಸಿ. "ಹಿಂದೆ ಸೀಲ್ ಮಾಡಿದೆ, ತೆಗೆಯಲಾಗದು" ಎಂದರೆ ಮರ್ಲಿನ್‌ನಂಥ ಹಾಳೆಗಳಲ್ಲಿ ಸಹಿ, ಸಂಖ್ಯೆ, ಮೊಹರು ಯಾವುದನ್ನೂ ನೋಡದೆ ಕೊಳ್ಳುತ್ತೀರಿ ಎಂದಾಯಿತು. ಹೊರತೆಗೆದ ಮೇಲೆ ನಾಲ್ಕೂ ಬದಿ ಅಳೆಯಿರಿ. ಮರ್ಲಿನ್‌ನಲ್ಲಿ ಬಣ್ಣ ಹಾಳೆಯ ಅಂಚಿನವರೆಗೂ ಇದೆ, ಬಿಳಿ ಮಾರ್ಜಿನ್ ಇಲ್ಲ. ಮೂಲೆ ಜಜ್ಜಿದರೆ ಕತ್ತರಿಸಿ ನೇರ ಮಾಡಿಬಿಡುವ ಆಸೆ ಅದಕ್ಕೇ ಹುಟ್ಟುವುದು. 91.4ರ ಬದಲು ಒಂದು ಬದಿ 90.6 ಬಂದರೆ ಕತ್ತರಿ ಆಡಿದೆ ಎಂದು ತಿಳಿಯಿರಿ, ಅದು ದೊಡ್ಡ ದೋಷ.

ಹಾಳೆಯನ್ನು ಕಿಟಕಿಯ ಪಕ್ಕ ಹಿಡಿದು ನಿಧಾನ ಓಲಾಡಿಸಿ. ಅಗಲವಾದ ಚಪ್ಪಟೆ ಬಣ್ಣದಲ್ಲಿ, ಅದರಲ್ಲೂ ಕಪ್ಪು ಮತ್ತು ಕಡುನೀಲಿಯಲ್ಲಿ, ಒಂದು ಉಗುರು ತಾಗಿದ್ದೂ ಹೊಳೆಯುವ ಗೆರೆಯಾಗಿ ಉಳಿದಿರುತ್ತದೆ. ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಅರ್ಧಚಂದ್ರಾಕಾರದ ಕುಳಿ ಕಂಡರೆ ಯಾರೋ ಒಂದೇ ಕೈಯಲ್ಲಿ ಹಾಳೆ ಎತ್ತಿದ್ದಾರೆ. ಕಾಗದದ ಕುಳಿಯನ್ನು ಒಂದಷ್ಟು ಸರಿಮಾಡಬಹುದು, ಶಾಯಿಯ ಮೇಲಿನ ಗೀರನ್ನು ಸರಿಮಾಡಲಾಗದು. ಮಂಕು ಶಾಯಿಯ ಮೇಲೆ ಬೆರಳಚ್ಚು ಬಿದ್ದರೂ ಅಷ್ಟೇ, ಒರೆಸಿದಷ್ಟೂ ಆ ಜಾಗ ಹೊಳಪೇರುತ್ತದೆ.

ಬಣ್ಣ ಮಾಸಿದೆಯೇ ಎಂದು ತಿಳಿಯಲು ಮ್ಯಾಟ್‌ನ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಚೌಕಟ್ಟು) ಅಡಿ ಅಥವಾ ಫ್ರೇಮಿನ ತುಟಿಯಡಿ ಮುಚ್ಚಿದ್ದ ಪಟ್ಟಿಯನ್ನು ನಡುವಿನ ಬಣ್ಣದೊಂದಿಗೆ ಹೋಲಿಸಿ. ಫ್ಲೋರೊಸೆಂಟ್ ಗುಲಾಬಿ, ಕಿತ್ತಳೆ ಶಾಯಿಗಳು ಎಲ್ಲಕ್ಕಿಂತ ಬೇಗ ಹೋಗುತ್ತವೆ. ಕತ್ತಲೆಯಲ್ಲಿ ಯು.ವಿ. ಟಾರ್ಚ್ ಬಿಟ್ಟಾಗ ಅವು ಉರಿಯುವಂತೆ ಹೊಳೆಯಬೇಕು, ಮಾಸಿದ್ದರೆ ಮಂಕು. ಆಮೇಲೆ ತಿದ್ದಿ ಹಚ್ಚಿದ ಬಣ್ಣವೂ ಅದೇ ಬೆಳಕಿನಲ್ಲಿ ಬೇರೆ ತೇಪೆಯಾಗಿ ಎದ್ದು ಕಾಣುವುದುಂಟು. ಕಾಗದ ನೀಲಿಯಾಗಿ ಹೊಳೆದರೆ ಅದನ್ನು ಇನ್ನಷ್ಟು ಬಿಳಿಯಾಗಿ ತೋರಿಸುವ ಹೊಳಪಿನ ಬಿಳುಪುಕಾರಕ ಹಾಕಿದ್ದಾರೆ ಎಂದಷ್ಟೇ ಅರ್ಥ. ಅವು 1950ರ ಸುಮಾರಿನಿಂದ ಬಳಕೆಯಲ್ಲಿರುವುದರಿಂದ 60ರ ದಶಕದ ಹಾಳೆ ಹೊಳೆದರೂ ನಕಲಿ ಎನ್ನಲಾಗದು.

ಹಿಂಬದಿಯಲ್ಲಿ ಕಂದು ಬಣ್ಣದ ಟೇಪಿನ ಪಟ್ಟಿ, ಸುತ್ತ ಮ್ಯಾಟ್ ಸುಟ್ಟ ಗೆರೆ ಇದ್ದರೆ ಚೌಕಾಸಿ ಮಾಡಬಹುದು. ಬೋರ್ಡಿಗೆ ಬಿಸಿ ಮಾಡಿ ಪೂರ್ತಿ ಅಂಟಿಸಿಬಿಟ್ಟಿದ್ದರೆ ಬಿಟ್ಟುಬಿಡಿ. ಬಿಡಿಸಲು ಬೇಕಾದ ಶಾಖ ಅಥವಾ ದ್ರಾವಕವನ್ನು ಸಿಲ್ಕ್‌ಸ್ಕ್ರೀನ್ ಶಾಯಿ ತಡೆಯುವುದಿಲ್ಲ.

ಈಗ ಫ್ರೇಮ್. ಶಾಯಿಗೆ ಗಾಜು ಯಾವತ್ತೂ ತಾಗಬಾರದು. ಸೆಕೆ, ತೇವ ಸೇರಿದಾಗ ಶಾಯಿ ಗಾಜಿಗೆ ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣದ ಚೂರು ಗಾಜಿನ ಜೊತೆಗೇ ಬರುತ್ತದೆ. ಸಣ್ಣ ಪ್ರಿಂಟ್‌ಗೆ ಆರು ಮಿಲಿಮೀಟರ್ ಅಂತರ ಸಾಕು. ಮೀಟರಿನ ಹತ್ತಿರದ ಹಾಳೆಗೆ ಹತ್ತಾದರೂ ಬಿಡಿಸಿ. ಆ ಅಳತೆಯಲ್ಲಿ ಮೂರು ಮಿ.ಮೀ. ಅಕ್ರಿಲಿಕ್ ನಡುವಿನಲ್ಲಿ ಒಳಕ್ಕೆ ಬಾಗಿ ಅಂತರವನ್ನೇ ನುಂಗಿಬಿಡುತ್ತದೆ, ದಪ್ಪನೆಯದನ್ನೇ ಕೇಳಿ. ಯು.ವಿ. ತಡೆಯುವ ಅಕ್ರಿಲಿಕ್ ಹಾಕಿಸಿ, ಆದರೆ ಅದೊಂದನ್ನೇ ನಂಬಬೇಡಿ. ಕಣ್ಣಿಗೆ ಕಾಣುವ ಬೆಳಕೂ ಫ್ಲೋರೊಸೆಂಟ್ ಶಾಯಿಯನ್ನು ತಿನ್ನುತ್ತದೆ. 50 ಲಕ್ಸ್ ಆಸುಪಾಸಿನ ಮಂದ ಬೆಳಕು, ವರ್ಷದಲ್ಲಿ ಮೂರು ನಾಲ್ಕು ತಿಂಗಳು ಗೋಡೆಯ ಮೇಲೆ, ಉಳಿದ ಕಾಲ ಡ್ರಾಯರಿನಲ್ಲಿ.

ಹಾಳೆಯನ್ನು ಹಿಂದಿನ ಬೋರ್ಡಿಗೆ ಹಿಡಿದಿಡುವ ಹಿಂಜ್‌ಗೆ ಜಪಾನಿ ಕಾಗದ ಮತ್ತು ಗೋಧಿಗಂಜಿಯ ಅಂಟು. ಕಾಗದವನ್ನು ಕತ್ತರಿಸದೆ ಒದ್ದೆ ಗೆರೆ ಎಳೆದು ಹರಿಯಿರಿ. ನಾರು ತೆಳುವಾಗಿ ಹರಡಿಕೊಳ್ಳುವುದರಿಂದ ಮುಂಭಾಗದಲ್ಲಿ ಉಬ್ಬು ಕಾಣುವುದಿಲ್ಲ. ಅಂಟು ನೀರಾಗಿದ್ದರೆ ಹಾಳೆ ಅಲ್ಲಲ್ಲೇ ಸುಕ್ಕಾಗುತ್ತದೆ, ಆದ್ದರಿಂದ ಗಟ್ಟಿಯಾಗಿ, ತೀರಾ ಕಡಿಮೆ. ಮೇಲಂಚಿಗೆ ಎರಡು, ದೊಡ್ಡ ಹಾಳೆಗೆ ಮೂರು ನಾಲ್ಕು. ಬ್ಲಾಟಿಂಗ್ ಕಾಗದ ಇಟ್ಟು ಭಾರ ಹೇರಿ ಪೂರ್ತಿ ಒಣಗಿಸಿ. ನಾಲ್ಕೂ ಬದಿ ಅಂಟಿಸಿದರೆ ಹವೆ ಬದಲಾದಾಗ ಹಾಳೆ ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಬಣ್ಣ ಅಂಚಿನವರೆಗೂ ಇರುವ ಹಾಳೆಯ ಮೇಲೆ ಮ್ಯಾಟ್ ಕೂರಿಸಬೇಡಿ, ಶಾಯಿಯ ಮೇಲೇ ಒತ್ತುಗುರುತು ಬೀಳುತ್ತದೆ. ಹತ್ತಿಯ ಬೋರ್ಡಿನ ಮೇಲೆ ತೇಲಿಸಿ ಕಟ್ಟಿಸಿ.

ಡ್ರಾಯರಿನಲ್ಲಿ ಇಡುವಾಗ ಹಾಳೆಗಳ ನಡುವೆ ಆಮ್ಲರಹಿತ ನುಣುಪು ಟಿಶ್ಯೂ. ಪ್ಲಾಸ್ಟಿಕ್ ಲಕೋಟೆಗೆ ತುರುಕಿ ಒಂದರ ಮೇಲೊಂದು ಪೇರಿಸಿದರೆ ಅಡಿಯಲ್ಲಿರುವುದಕ್ಕೆ ಗಾಜಿಗೆ ಹಿಡಿದ ಶಾಯಿಯದೇ ಗತಿ.

ಹಾಳೆಹುಳು:

ಎಲ್ಲರಿಗೂ ಧನ್ಯವಾದ. ನೀಲಿ ಮೊಹರಿನದನ್ನು ಬಿಡುತ್ತೇನೆ. ಮೂರನೆಯದಕ್ಕೆ ಎ.ಪಿ. ಬದಲು ಸಂಖ್ಯೆಯ ಪ್ರತಿಯನ್ನೇ ಕೇಳಿದ್ದೇನೆ. ಅವರು ಟ್ಯೂಬಿನಲ್ಲಿ ಸುತ್ತಿ ಕಳಿಸುತ್ತೇವೆ ಎನ್ನುತ್ತಾರೆ, ಬೇರೆ ದೇಶದಿಂದ ಬರಬೇಕು. ಕಸ್ಟಮ್ಸ್‌ನಲ್ಲಿ ಕಲಾಕೃತಿ ಎಂದು ಬರೆದರೆ ಸಾಕೇ?

ಗಂಜಿ_ಅಂಟು:

ಟ್ಯೂಬ್ ಬೇಡ. ಸುತ್ತಿದಾಗ ಶಾಯಿ ಹೊರಮೈಗಿದ್ದರೆ ಬಿರಿಯುತ್ತದೆ, ಒಳಮೈಗಿದ್ದರೆ ಪದರ ಎದ್ದು ಸಿಪ್ಪೆಯಾಗಬಹುದು. ಐದಾರು ಬಣ್ಣ ಒಂದರ ಮೇಲೊಂದು ಬಿದ್ದ ಕಡೆ ಅಪಾಯ ಹೆಚ್ಚು. ಮಡಿಕೆ ಫೋಲ್ಡರಿನಲ್ಲಿ ಹಾಕಿ, ಎಲ್ಲ ಬದಿಗೂ ಐದು ಸೆಂ.ಮೀ. ದೊಡ್ಡದಾದ ಎರಡು ರಟ್ಟುಗಳ ನಡುವೆ ಇಟ್ಟು, ಒಂದರ ಒಳಗಿನ ಅಲೆಯ ಸಾಲು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಕಟ್ಟಲು ಹೇಳಿ. ಫೋಲ್ಡರ್ ಒಳಗೆ ಜಾರದಂತೆ ಮೂಲೆಗಳಿಗೆ ಕಾಗದದ ಜೇಬು. ಹೆಚ್ಚುವರಿ ಖರ್ಚು ನೀವೇ ಕೊಟ್ಟರೂ ನಷ್ಟವಿಲ್ಲ.

ಹಿಂಬದಿ_ನೋಡಿ:

ಕಸ್ಟಮ್ಸ್‌ಗೆ "ಕಲಾಕೃತಿ" ಎಂದಷ್ಟೇ ಬರೆದರೆ ಸಿಕ್ಕಿಬೀಳುತ್ತೀರಿ. ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಎಚ್.ಎಸ್. ಪಟ್ಟಿಯಲ್ಲಿ ಮೂಲ ಪ್ರಿಂಟ್‌ಗಳ ಶೀರ್ಷಿಕೆ 9702. ಆದರೆ ಅದರ ವ್ಯಾಖ್ಯೆಯಲ್ಲಿ ಅಚ್ಚಿನ ಫಲಕವನ್ನು ಕಲಾವಿದರು ಪೂರ್ತಿ ಕೈಯಿಂದಲೇ ಮಾಡಿರಬೇಕು, ಯಾಂತ್ರಿಕ ಅಥವಾ ಫೋಟೋಮೆಕ್ಯಾನಿಕಲ್ ವಿಧಾನ ಸಲ್ಲದು ಎಂದಿದೆ. ಫೋಟೋ ಸ್ಟೆನ್ಸಿಲ್‌ನಿಂದ ಮಾಡಿದ ಸಿಲ್ಕ್‌ಸ್ಕ್ರೀನ್ ಅನ್ನು ಅಧಿಕಾರಿಗಳು 4911ಕ್ಕೆ, ಅಂದರೆ ಸಾಮಾನ್ಯ ಅಚ್ಚಿನ ಚಿತ್ರಗಳ ಸಾಲಿಗೆ ತಳ್ಳಬಹುದು. ಎರಡರ ಸುಂಕ ಒಂದೇ ಇರಬೇಕೆಂದಿಲ್ಲ. ಸ್ಟೆನ್ಸಿಲ್ ಕೈಯಿಂದ ಕತ್ತರಿಸಿದ್ದೋ ಫೋಟೋದಿಂದ ಮಾಡಿದ್ದೋ ಎಂದು ಸ್ಟುಡಿಯೋದವರನ್ನು ಮೊದಲೇ ಕೇಳಿ. ಕಲಾವಿದರ ಹೆಸರು, ವರ್ಷ, ವಿಧಾನ, ಎಡಿಷನ್ ಸಂಖ್ಯೆ, ಅಳತೆ ಇವಿಷ್ಟನ್ನು ಬಿಲ್ಲಿನ ಮೇಲೆಯೇ ಬರೆಸಿ. ಬಿಲ್ಲಿನ ಮೊತ್ತ ಕಡಿಮೆ ತೋರಿಸುತ್ತೇವೆ ಎಂದರೆ ಒಪ್ಪಬೇಡಿ. ದಾರಿಯಲ್ಲಿ ಹಾಳಾದರೆ ವಿಮೆ ಸಿಗುವುದೂ ಅಷ್ಟಕ್ಕೇ, ಮುಂದೆ ಮಾರುವಾಗ ಕೊಂಡ ಬೆಲೆಗೆ ದಾಖಲೆ ಆಗುವುದೂ ಅದೇ ಬಿಲ್ಲು.

ಮುಂದೆಂದಾದರೂ ಹರಾಜಿನಲ್ಲಿ ಕೂಗುವುದಾದರೆ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಾಲು ಭಾಗದಷ್ಟು ಖರೀದಿದಾರರ ಪ್ರೀಮಿಯಂ ಸೇರುತ್ತದೆ, ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಅದರ ಮೇಲೆ ಕಲಾವಿದರ ಮರುಮಾರಾಟ ಹಕ್ಕಿನ ಶುಲ್ಕವೂ ಬರಬಹುದು. ಕೈ ಎತ್ತುವ ಮೊದಲೇ ಇದನ್ನೆಲ್ಲ ಕಳೆದು ನಿಮ್ಮ ಮಿತಿ ಬರೆದಿಟ್ಟುಕೊಳ್ಳಿ.